ಟಾರ್ಚು, ಹೆಬ್ಬೆರಳು, ಲ್ಯಾಬ್ ರಿಪೋರ್ಟು

ಹನುಮಂತನಗರದ ನನ್ನ ಕ್ಲಿನಿಕ್ಕಿಗೆ ಬರುವವರು ಈಗೀಗ ಏನು ತೊಂದರೆ ಅಂತ ಹೇಳುವ ಮೊದಲೇ ರಿಪೋರ್ಟು ಮುಂದಿಡುತ್ತಾರೆ. ಗಂಟಲು ನೋವಾದರೆ ಎಎಸ್‌ಓ (ಸ್ಟ್ರೆಪ್ ಅನ್ನುವ ಬ್ಯಾಕ್ಟೀರಿಯಾ ತಗುಲಿತ್ತಾ ಅಂತ ನೋಡುವ ರಕ್ತಪರೀಕ್ಷೆ), ಕಾಲು ನೋವಾದರೆ ಯೂರಿಕ್ ಆಸಿಡ್. ನಾನು ಆ ಹಾಳೆ ಪಕ್ಕಕ್ಕಿಟ್ಟು ಟಾರ್ಚ್ ಕೈಗೆತ್ತಿಕೊಳ್ಳುತ್ತೇನೆ.

ಗಂಟಲಿಗೆ ನನಗೆ ಬೇಕಾದದ್ದು ನಾಲ್ಕೇ ಉತ್ತರ. ಜ್ವರ ಇದೆಯಾ? ಟಾನ್ಸಿಲ್ ಮೇಲೆ ಬಿಳಿ ಕೀವು ಕಾಣುತ್ತಾ? ಕುತ್ತಿಗೆಯ ಮುಂಭಾಗದ ಗಂಟು ಮುಟ್ಟಿದರೆ ನೋಯುತ್ತಾ? ಕೆಮ್ಮು ಇಲ್ಲವಾ? ನೋವು ಸ್ಟ್ರೆಪ್‌ನದ್ದಾ ಅಂತ ಅಂದಾಜಿಸಲು 1981ರಲ್ಲಿ ಬಂದ, ಡಾ. ಸೆಂಟರ್ ಅನ್ನುವವರ ಹೆಸರಿನ ಸ್ಕೋರ್ ಇದು. ಮೂಗು ಸೋರುತ್ತಾ, ಕೆಮ್ಮುತ್ತಾ, ಧ್ವನಿ ಕಟ್ಟಿಕೊಂಡು ಬಂದವರದ್ದು ಬಹುತೇಕ ವೈರಸ್. ಉಪ್ಪುನೀರು, ಪ್ಯಾರಾಸಿಟಮಾಲ್ ಸಾಕು. ನಾಲ್ಕೂ ಸೇರಿದರೂ ಸ್ಟ್ರೆಪ್ ಸಿಗುವುದು ಹೆಚ್ಚುಕಡಿಮೆ ಅರ್ಧ ಜನರಲ್ಲಿ, ಅದಕ್ಕೇ ಸ್ವಾಬ್ ತೆಗೆಯುತ್ತೇನೆ. ಎಎಸ್‌ಓ ಏರುವುದೇ ಸೋಂಕು ತಗುಲಿ ವಾರ ಕಳೆದ ಮೇಲೆ. ಆಮೇಲೆ ತಿಂಗಳುಗಟ್ಟಲೆ ಇಳಿಯುವುದಿಲ್ಲ. ಇವತ್ತಿನ ನೋವಿನ ಬಗ್ಗೆ ಅದು ಏನೂ ಹೇಳದು. ಆದರೆ ಸ್ಕೂಲಿಗೆ ಹೋಗುವ ಮಗುವಿಗೆ ಗಂಟಲು ವಾಸಿಯಾಗಿ ಎರಡು ಮೂರು ವಾರಕ್ಕೆ ಮಂಡಿ, ಆಮೇಲೆ ಮಣಿಕಟ್ಟು ಊದಿಕೊಂಡರೆ ಅದೇ ಟೆಸ್ಟನ್ನು ನಾನೇ ಬರೆದುಕೊಡುತ್ತೇನೆ. ಅದು ಸ್ಟ್ರೆಪ್ ಸೋಂಕಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರವಾಗಿದ್ದರೆ ಹೃದಯದ ಕವಾಟಕ್ಕೇ ಕುತ್ತು.

ಯೂರಿಕ್ ಆಸಿಡ್ ಕೀಲಿನಲ್ಲಿ ಹರಳುಗಟ್ಟಿ ನೋವು ತರುವ ಗೌಟ್ ವಿಷಯದಲ್ಲಿ ಹಾಳೆ ಇನ್ನೂ ಮೋಸ ಮಾಡುತ್ತದೆ. ಒಬ್ಬ ಆಟೋ ಚಾಲಕರು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಕುಂಟುತ್ತಾ ಬಂದರು. "ಮಲಗುವಾಗ ಏನೂ ಇರ್ಲಿಲ್ಲ ಡಾಕ್ಟ್ರೇ, ಬೆಳಗಿನ ಜಾವ ಹೊದಿಕೆ ತಾಗಿದ್ರೂ ಜೀವ ಹೋದಂಗಾಯ್ತು." ಹೆಬ್ಬೆರಳಿನ ಬುಡ ಕೆಂಪಗೆ ಊದಿ, ಚರ್ಮ ಬಿಗಿದು ಹೊಳೆಯುತ್ತಿತ್ತು. ಯೂರಿಕ್ ಆಸಿಡ್ 5.9, ಅಂದರೆ ನಾರ್ಮಲ್. ನೋವು ಕೆರಳಿದಾಗ ರಕ್ತದಲ್ಲಿ ಅದು ಇಳಿದಿರುವುದುಂಟು. ನೋವಿಗೆ ಕೋಲ್ಚಿಸಿನ್ ಕೊಟ್ಟೆ. ಊತ ಇಳಿದು ಎರಡು ವಾರ ದಾಟಿದ ಮೇಲೆ ಮತ್ತೆ ನೋಡಿದರೆ 8.4. ಭಾನುವಾರದ ಮಿಲಿಟರಿ ಹೋಟೆಲ್ ಊಟ, ಬಿಯರನ್ನು ಅವರೇ ಒಪ್ಪಿಕೊಂಡರು. ಬಿಪಿ ಮಾತ್ರೆಯಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಇದ್ದದ್ದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಅದೂ ಯೂರಿಕ್ ಆಸಿಡ್ ಏರಿಸುತ್ತದೆ. ಆ ಮಾತ್ರೆ ಬದಲಾಯಿಸಿ, ಯೂರಿಕ್ ಆಸಿಡ್ ಇಳಿಸುವ ಅಲೋಪ್ಯೂರಿನಾಲ್ 100 ಮಿಲಿಗ್ರಾಂನಿಂದ ಶುರುಮಾಡಿ, 6ಕ್ಕಿಂತ ಕೆಳಗೆ ಬರುವವರೆಗೆ ನಿಧಾನಕ್ಕೆ ಏರಿಸಿದೆ.

ಇದರ ಉಲ್ಟಾ ಕೇಸುಗಳೇ ಜಾಸ್ತಿ ಅನ್ನಿ. ಮಂಡಿ ಸವೆದ ಅಜ್ಜಿಯ ರಿಪೋರ್ಟಿನಲ್ಲಿ 7.2 ಕಂಡರೆ ಸಾಕು, ಮನೆಯವರು ಅವರಿಗೆ ಬೇಳೆ ಸಾರನ್ನೇ ನಿಲ್ಲಿಸಿಬಿಡುತ್ತಾರೆ. ಯೂರಿಕ್ ಆಸಿಡ್ ಹೆಚ್ಚಿರುವ ಬಹುಪಾಲು ಜನರಿಗೆ ಗೌಟ್ ಬರುವುದೇ ಇಲ್ಲ. ಬೇಳೆಕಾಳಿನಿಂದ ಗೌಟ್ ಹೆಚ್ಚುವುದೂ ಇಲ್ಲ. ಅಜ್ಜಿಗೆ ಸಾರು ಬಡಿಸಿ ಅಂತ ಚೀಟಿಯಲ್ಲೇ ಬರೆದು ಕಳಿಸಿದ್ದೇನೆ.

ನಾನು ಹೆದರುವುದು ಒಂದಕ್ಕೇ. ಒಂದೇ ಕೀಲು ಊದಿ, ಜೊತೆಗೆ ಚಳಿಜ್ವರ ಇದ್ದರೆ ಕೀಲಿನೊಳಗೆ ಕೀವಾಗಿರಬಹುದು. ಅಂಥವರನ್ನು ಮಾತ್ರೆ ಕೊಟ್ಟು ಮನೆಗೆ ಕಳಿಸುವುದಿಲ್ಲ. ಸೂಜಿ ಹಾಕಿ ಕೀಲಿನ ನೀರು ತೆಗೆದು ನೋಡುವಂಥ ಆಸ್ಪತ್ರೆಗೆ ಅವತ್ತೇ ಕಳಿಸುತ್ತೇನೆ.