ಸರ್ಚ್ ಬಾಕ್ಸಿನಲ್ಲಿ ಹಳೆಯ ಉತ್ತರ: ಫ್ಲ್ಯಾಟ್‌ಮ್ಯಾಪ್ ಹೋಗಿ ಸ್ವಿಚ್‌ಮ್ಯಾಪ್ ಬಂತು

ನಮ್ಮ ಆಂಡ್ರಾಯ್ಡ್ ಆ್ಯಪಿನಲ್ಲಿ ಊರು ಹುಡುಕುವ ಸರ್ಚ್ ಬಾಕ್ಸ್ ಇದೆ. ನೆಟ್‌ವರ್ಕ್ ಕೆಲಸಕ್ಕೆ ರೆಟ್ರೋಫಿಟ್ ಲೈಬ್ರರಿ, ಜೊತೆಗೆ ಒಂದರ ಹಿಂದೊಂದು ಬರುವ ಟೈಪಿಂಗ್, ಉತ್ತರಗಳನ್ನು ಒಂದು ಸ್ಟ್ರೀಮ್ ಆಗಿ ನಿಭಾಯಿಸುವ ಆರ್‌ಎಕ್ಸ್‌ಜಾವಾ ಲೈಬ್ರರಿ. ಆಫೀಸಿನ ವೈಫೈನಲ್ಲಿ ಎಲ್ಲ ಸರಿ. ಮೊಬೈಲ್ ಡೇಟಾದಲ್ಲಿ ಮಾತ್ರ 'ಮೈಸೂರು' ಅಂತ ಪೂರ್ತಿ ಟೈಪ್ ಮಾಡಿದರೂ ಕೆಲವೊಮ್ಮೆ ಮದ್ದೂರು, ಮಂಡ್ಯ ಬಂದು ಕೂರುತ್ತಿದ್ದವು.

ಲಾಗ್ ನೋಡಿದಾಗ ಗೊತ್ತಾಯಿತು. 'ಮ' ಅಂತ ಹೋದ ರಿಕ್ವೆಸ್ಟಿಗೆ ಉದ್ದದ ಪಟ್ಟಿ ಬರಬೇಕು, ಹಾಗಾಗಿ ನಿಧಾನ. 'ಮೈಸೂರು' ಉತ್ತರ ಬಂದಾದ ಮೇಲೆ 'ಮ' ಉತ್ತರ ಬಂದು ಪಟ್ಟಿಯನ್ನು ಬದಲಿಸುತ್ತಿತ್ತು. ಕೋಡ್‌ನಲ್ಲಿ ಇದ್ದದ್ದು ಆರ್‌ಎಕ್ಸ್‌ಜಾವಾದ ಫ್ಲ್ಯಾಟ್‌ಮ್ಯಾಪ್ ಅನ್ನುವ ಆಪರೇಟರ್; ಟೈಪ್ ಮಾಡಿದ ಪ್ರತಿ ಪದವನ್ನೂ ಒಂದು ರಿಕ್ವೆಸ್ಟ್ ಆಗಿಸುವುದು ಅದರ ಕೆಲಸ. ಅದು ಯಾವ ಉತ್ತರ ಯಾವಾಗ ಬಂದರೂ ಹಾಗೇ ಮುಂದಕ್ಕೆ ಕೊಡುತ್ತದೆ. ಅಲ್ಲಿ ಸ್ವಿಚ್‌ಮ್ಯಾಪ್ ಹಾಕಿದೆ. ಹೊಸ ಹುಡುಕಾಟ ಶುರುವಾದ ಕೂಡಲೇ ಅದು ಹಳೆಯದನ್ನು ಡಿಸ್ಪೋಸ್ ಮಾಡುತ್ತದೆ (ಅಂದರೆ ಕೈಬಿಡುತ್ತದೆ), ರೆಟ್ರೋಫಿಟ್ ಆ ಎಚ್‌ಟಿಟಿಪಿ ಕಾಲ್ ಅನ್ನೇ ಕ್ಯಾನ್ಸಲ್ ಮಾಡುತ್ತದೆ. ಜೊತೆಗೆ 300 ಮಿಲಿಸೆಕೆಂಡ್ ಡಿಬೌನ್ಸ್, ಅಂದರೆ ಟೈಪಿಂಗ್ ಅಷ್ಟು ಹೊತ್ತು ನಿಂತ ಮೇಲೇ ರಿಕ್ವೆಸ್ಟ್ ಹೋಗುತ್ತದೆ. ಬರೀ ಡಿಬೌನ್ಸ್ ಸಾಕಲ್ವಾ ಅನ್ನುವವರಿದ್ದಾರೆ. ಸಾಲದು. ಅದು ರಿಕ್ವೆಸ್ಟ್ ಕಡಿಮೆ ಮಾಡುತ್ತದೆ ಅಷ್ಟೇ, ಉತ್ತರಗಳ ಸರದಿ ನೋಡುವುದಿಲ್ಲ.

ಇನ್ನೊಂದು ಕಾಟ ಇತ್ತು. ಸಿಗ್ನಲ್ ಹೋಗಿ ಒಂದು ರಿಕ್ವೆಸ್ಟ್ ಫೇಲ್ ಆದರೆ ಮುಗೀತು, ಸಿಗ್ನಲ್ ಬಂದ ಮೇಲೂ ಸರ್ಚ್ ಬಾಕ್ಸ್ ಸುಮ್ನೆ ಕೂತಿರುತ್ತಿತ್ತು. ಎರರ್ ಬಂದಾಗ ಅದರ ಬದಲು ನಾವು ಹೇಳಿದ್ದನ್ನು ಕೊಡುವ ಆನ್‌ಎರರ್‌ರಿಟರ್ನ್ ಇತ್ತು, ಆದರೆ ಆಪರೇಟರ್‌ಗಳ ಚೈನಿನ ಕೊನೆಯಲ್ಲಿ. ಅಲ್ಲಿದ್ದರೆ ಅದು ಖಾಲಿ ಪಟ್ಟಿ ಕೊಟ್ಟು ಇಡೀ ಸ್ಟ್ರೀಮನ್ನೇ ಮುಗಿಸಿಬಿಡುತ್ತದೆ. ಅದನ್ನು ಸ್ವಿಚ್‌ಮ್ಯಾಪ್ ಒಳಗೆ, ಸರ್ವರಿಗೆ ಹೋಗುವ ಎಪಿಐ ಕಾಲ್‌ಗೇ ಸೇರಿಸಿದೆ. ಈಗ ಫೇಲ್ ಆದರೆ ಆ ಒಂದು ರಿಕ್ವೆಸ್ಟ್ ಮಾತ್ರ ಹೋಗುತ್ತದೆ, ಟೈಪಿಂಗ್ ಸ್ಟ್ರೀಮ್ ಬದುಕಿರುತ್ತದೆ.

ಸೇವ್, ಪೇಮೆಂಟ್ ತರಹದ ರಿಕ್ವೆಸ್ಟಿಗೆ ಮಾತ್ರ ಸ್ವಿಚ್‌ಮ್ಯಾಪ್ ಬೇಡ. ಆ್ಯಪ್ ಕಡೆ ಕ್ಯಾನ್ಸಲ್ ಆದರೂ ಸರ್ವರ್‌ನಲ್ಲಿ ಕೆಲಸ ಆಗಿಹೋಗಿರಬಹುದು. ಅಲ್ಲಿ ನಾನು ಬಳಸುವುದು ಕಾನ್‌ಕ್ಯಾಟ್‌ಮ್ಯಾಪ್: ಒಂದು ಮುಗಿದ ಮೇಲೆ ಇನ್ನೊಂದು.