ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಹೆಚ್ಚಾಗಿದ್ದ ಕಾರ್ಬ್ಯುರೇಟರ್: ನನ್ನ ಅನುಭವ

ನನ್ನ ಹಳೆಯ ಒಂಟಿ ಸಿಲಿಂಡರಿನ ಮೋಟಾರ್‌ಸೈಕಲ್ ಚಳಿಯ ಬೆಳಗಿನಲ್ಲಿಯೂ ಚೋಕ್ (ತಣ್ಣಗಿನ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಕೊಡುವ ಸಾಧನ) ಎಳೆಯದೆಯೇ ಒಂದೇ ಕಿಕ್ಕಿಗೆ ಚಾಲೂ ಆಗುತ್ತಿತ್ತು. ಅದನ್ನು ಎಂಜಿನ್ ಆರೋಗ್ಯದ ಗುರುತೆಂದೇ ಬಹಳ ದಿನ ನಂಬಿದ್ದೆ. ಆದರೆ ಎಂಜಿನ್ ಬಿಸಿಯಾದಷ್ಟೂ ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಕೊಡದೆ ಎಂಜಿನ್ ನಿಂತಲ್ಲೇ ಓಡುವುದು, ಕೆಡುತ್ತ ಹೋಗುತ್ತಿತ್ತು. ಆಕ್ಸಿಲರೇಟರ್ ಬಿಟ್ಟೊಡನೆ ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತುವ ಸಂಖ್ಯೆ) ಬೇಕಾದುದಕ್ಕಿಂತ ಕೆಳಗೆ ಕುಸಿದು ಮತ್ತೆ ಮೆಲ್ಲನೆ ಚೇತರಿಸಿಕೊಳ್ಳುತ್ತಿತ್ತು, ಗಾಡಿಯ ಹಿಂದೆ ನಿಂತರೆ ಹೊಗೆಗೆ ಕಣ್ಣುರಿ ಬರುತ್ತಿತ್ತು. ವೇಗದಲ್ಲಿ ಓಡುವಾಗ ಮಾತ್ರ ಯಾವ ದೋಷವೂ ಕಾಣುತ್ತಿರಲಿಲ್ಲ.

ಈ ಲಕ್ಷಣಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಕಾರ್ಬ್ಯುರೇಟರ್ ಬೆರೆಸಿ ಕೊಡುವ ಗಾಳಿ-ಪೆಟ್ರೋಲ್ ಮಿಶ್ರಣ ರಿಚ್ ಆಗಿದೆ, ಅಂದರೆ ಅದರಲ್ಲಿ ಪೆಟ್ರೋಲ್ ಹೆಚ್ಚಾಗಿದೆ ಎಂಬುದು ತಿಳಿಯುತ್ತದೆ. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಪಾಲು ಗಾಳಿ ಬೇಕು. ತಣ್ಣಗಿರುವ ಎಂಜಿನ್ನಿನಲ್ಲಿ ಪೆಟ್ರೋಲಿನ ಒಂದಂಶ ಆವಿಯಾಗದೆ ಗೋಡೆಗಳಿಗೆ ಅಂಟಿಕೊಳ್ಳುವುದರಿಂದ ಹೆಚ್ಚುವರಿ ಪೆಟ್ರೋಲ್ ಆಗ ಉಪಕಾರವನ್ನೇ ಮಾಡುತ್ತದೆ. ಬಿಸಿಯಾದ ಮೇಲೆ ಅದೇ ಪೆಟ್ರೋಲ್ ಉಸಿರು ಕಟ್ಟಿಸುತ್ತದೆ. ಮಿಶ್ರಣ ಲೀನ್ ಆಗಿದ್ದರೆ, ಅಂದರೆ ಪೆಟ್ರೋಲ್ ಕಡಿಮೆಯಿದ್ದರೆ, ಇದಕ್ಕೆ ತದ್ವಿರುದ್ಧವಾಗಿ, ಆಕ್ಸಿಲರೇಟರ್ ಬಿಟ್ಟರೂ ಆರ್‌ಪಿಎಂ ಕೆಳಗಿಳಿಯಲು ತಡಮಾಡುತ್ತದೆ.

ಊಹೆಯನ್ನು ಖಚಿತಪಡಿಸಿಕೊಳ್ಳಲು, ಬಿಸಿಯಾದ ಎಂಜಿನ್ನನ್ನು 5 ನಿಮಿಷ ಐಡ್ಲಿಂಗ್‌ನಲ್ಲಿಯೇ ಬಿಟ್ಟು, ಒಮ್ಮೆಯೂ ರೇಸ್ ಮಾಡದೆ ಆಫ್ ಮಾಡಿ, ತಣಿದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ವೇಗದಲ್ಲಿ ಓಡಿಸಿ ಬಂದು ನೋಡಿದರೆ ಐಡ್ಲಿಂಗ್‌ನ ಮಸಿ ಉರಿದುಹೋಗಿರುತ್ತದೆ. ಪ್ಲಗ್ಗಿನ ತುದಿಯಲ್ಲಿ ಬೆರಳಿಗೆ ಹತ್ತುವಂಥ ಒಣ, ಕಾಡಿಗೆಗಪ್ಪು ಮಸಿ ಇತ್ತು; ಎಣ್ಣೆಯ ಜಿಡ್ಡು ಇರಲಿಲ್ಲ. ಜಿಡ್ಡಿದ್ದರೆ ಪಿಸ್ಟನ್ ರಿಂಗು ಅಥವಾ ವಾಲ್ವ್ ಸೀಲುಗಳ ಕಡೆ ನೋಡಬೇಕಾಗುತ್ತಿತ್ತು.

ಐಡ್ಲಿಂಗ್‌ನ ಮಿಶ್ರಣವನ್ನು ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ಎಲ್ಲಿದೆ ಎಂಬುದನ್ನು ಮೊದಲು ಗಮನಿಸಬೇಕು. ಅದು ಥ್ರಾಟಲ್‌ಗಿಂತ (ಆಕ್ಸಿಲರೇಟರ್ ತಿರುಗಿಸಿದಾಗ ತೆರೆಯುವ ಬಾಗಿಲು) ಎಂಜಿನ್ ಕಡೆಗಿದ್ದರೆ ಒಳಕ್ಕೆ ತಿರುಗಿಸಿದಷ್ಟೂ ಪೆಟ್ರೋಲ್ ಕಡಿಮೆಯಾಗುತ್ತದೆ. ಏರ್ ಫಿಲ್ಟರ್ ಕಡೆಗಿದ್ದರೆ ಸಾಮಾನ್ಯವಾಗಿ ಅದು ಗಾಳಿಯ ಸ್ಕ್ರೂ, ಒಳಕ್ಕೆ ತಿರುಗಿಸಿದಷ್ಟೂ ಗಾಳಿ ಕಡಿಮೆಯಾಗಿ ಮಿಶ್ರಣ ಇನ್ನಷ್ಟು ರಿಚ್ ಆಗುತ್ತದೆ. ನನ್ನದು ಎಂಜಿನ್ ಕಡೆಯದು. ಎಂಜಿನ್ ಓಡುತ್ತಿರುವಾಗ ಸುತ್ತುಗಳನ್ನು ಎಣಿಸುತ್ತ, ತುದಿ ಮುರಿಯದಂತೆ ಹಗುರವಾಗಿ ಪೂರ್ತಿ ಒಳಕ್ಕೆ ತಿರುಗಿಸಿದೆ. ಎಂಜಿನ್ ನಿಲ್ಲಲಿಲ್ಲ. ಥ್ರಾಟಲ್ ಹೆಚ್ಚು ತೆರೆದಿದ್ದರೂ ಹೀಗಾಗಬಹುದು ಎಂದು ಐಡ್ಲಿಂಗ್‌ನಲ್ಲಿ ಥ್ರಾಟಲ್ ಎಷ್ಟು ತೆರೆದಿರಬೇಕೆಂದು ಹೊಂದಿಸುವ ಐಡ್ಲಿಂಗ್ ಸ್ಕ್ರೂ ಇಳಿಸಿ ಮತ್ತೆ ಪರೀಕ್ಷಿಸಿದೆ. ಆಗಲೂ ಓಡುತ್ತಲೇ ಇತ್ತು. ಸ್ಕ್ರೂ ಮುಚ್ಚಿದ ಮೇಲೂ ಎಂಜಿನ್ನಿಗೆ ಬೇಕಾದಷ್ಟು ಪೆಟ್ರೋಲ್ ಬೇರೆ ದಾರಿಯಿಂದ ಬರುತ್ತಿದೆ ಎಂದಾಯಿತು. ಇಂಥ ಸ್ಥಿತಿಯಲ್ಲಿ ಸ್ಕ್ರೂ ತಿರುಗಿಸಿ ಟ್ಯೂನಿಂಗ್ ಮಾಡಲು ಹೊರಟರೆ ದೋಷ ಮರೆಯಾಗುತ್ತದೆಯೇ ಹೊರತು ಹೋಗುವುದಿಲ್ಲ.

ಚೋಕ್‌ನಲ್ಲಿ ದೋಷವಿರಲಿಲ್ಲ: ಅದರ ಕೇಬಲ್‌ನಲ್ಲಿ ಇರಬೇಕಾದ ಸಡಿಲವಿತ್ತು, ದಾರಿ ಮುಚ್ಚುವ ಪ್ಲಂಜರ್ ಸರಿಯಾಗಿಯೇ ಕೂರುತ್ತಿತ್ತು. ಉಳಿದದ್ದು ಫ್ಲೋಟ್, ಅಂದರೆ ಕಾರ್ಬ್ಯುರೇಟರಿನ ಬೌಲ್ ಎಂಬ ಬಟ್ಟಲಿನಲ್ಲಿ ತೇಲುತ್ತ ಪೆಟ್ರೋಲಿನ ಮಟ್ಟ ಕಾಯುವ ಭಾಗ. ಬೌಲ್‌ನ ಡ್ರೈನ್ ತೂತಿಗೆ ಪಾರದರ್ಶಕ ಕೊಳವೆಯೊಂದನ್ನು ಸಿಕ್ಕಿಸಿ, ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಕೊಳವೆಯ ಇನ್ನೊಂದು ತುದಿಯನ್ನು ಕಾರ್ಬ್ಯುರೇಟರ್ ಪಕ್ಕದಲ್ಲಿ ಮೇಲ್ಮುಖವಾಗಿ ಹಿಡಿದು, ಡ್ರೈನ್ ಸ್ಕ್ರೂ ಸಡಿಲಿಸಿದೆ. ಕೊಳವೆಯಲ್ಲಿ ಪೆಟ್ರೋಲ್ ಎಷ್ಟು ಎತ್ತರಕ್ಕೆ ನಿಲ್ಲುತ್ತದೆಯೋ ಬೌಲ್ ಒಳಗಿನ ಮಟ್ಟವೂ ಅಷ್ಟೇ. ಬೌಲ್ ಕೂಡುವ ಅಂಚಿಗಿಂತ ಕೆಳಗೆ ನಿಂತಂತೆ ತೋರಿದ ಪೆಟ್ರೋಲ್, ನಾನು ನೋಡುತ್ತಿದ್ದಂತೆಯೇ ಕೂದಲೆಳೆಯಷ್ಟೇ ಏರುತ್ತ ಏರುತ್ತ 10 ನಿಮಿಷದಲ್ಲಿ ಅಂಚನ್ನು ದಾಟಿತು. ಫ್ಲೋಟ್ ಮೇಲೆದ್ದಾಗ ಒಳಬರುವ ದಾರಿಯನ್ನು ಮುಚ್ಚಬೇಕಾದ ಫ್ಲೋಟ್ ನೀಡಲ್ ಪೆಟ್ರೋಲನ್ನು ತಡೆಯುತ್ತಿರಲಿಲ್ಲ. ಹೆಚ್ಚಾದ ಪೆಟ್ರೋಲ್ ಎಂಜಿನ್ ಒಳಗೆ ಇಳಿದಿರಬಹುದೆಂದು ತಕ್ಷಣ ಎಂಜಿನ್ ಆಯಿಲ್ ಮೂಸಿ ನೋಡಿದೆ. ಪೆಟ್ರೋಲಿನ ವಾಸನೆ ಸ್ಪಷ್ಟವಾಗಿತ್ತು. ತೆಳುವಾದ ಆಯಿಲ್‌ನಲ್ಲಿ ಓಡಿಸಿದರೆ ಬೇರಿಂಗುಗಳು ಸವೆಯುತ್ತವೆಯಾದ್ದರಿಂದ ಅದನ್ನು ಬದಲಿಸಿದ ಮೇಲೆಯೇ ಮುಂದಿನ ಕೆಲಸಕ್ಕೆ ಕೈಹಾಕಿದೆ.

ಬೌಲ್ ಬಿಚ್ಚಿ ನೀಡಲ್ ಅನ್ನು ಭೂತಗನ್ನಡಿಯಲ್ಲಿ ನೋಡಿದಾಗ, ಅದರ ರಬ್ಬರ್ ಮೊನೆಯ ಸುತ್ತ ಉಗುರಿಗೆ ತಾಗುವಷ್ಟು ಆಳದ ಉಂಗುರದಂಥ ಗೆರೆ ಬಿದ್ದಿತ್ತು. ಹೊಸ ನೀಡಲ್ ಹಾಕಿ, ಅದು ಕೂರುವ ಹಿತ್ತಾಳೆಯ ಸೀಟನ್ನು ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿದೆ. ಫ್ಲೋಟ್ ಎತ್ತರವನ್ನು ಕೈಪಿಡಿಯ ಅಳತೆಗೆ ಹೊಂದಿಸುವಾಗ ಕಾರ್ಬ್ಯುರೇಟರನ್ನು ಓರೆಯಾಗಿ ಹಿಡಿಯಬೇಕು; ಫ್ಲೋಟಿನ ನಾಲಿಗೆ ನೀಡಲ್ಲಿನ ಸ್ಪ್ರಿಂಗ್ ಮೊಳೆಯನ್ನು ಮುಟ್ಟಿರಬೇಕು, ಆದರೆ ಒತ್ತಿರಬಾರದು. ಒತ್ತಿದ ಸ್ಥಿತಿಯಲ್ಲಿ ಅಳೆದರೆ ಮಟ್ಟ ತಪ್ಪುತ್ತದೆ. ಮತ್ತೆ ಕೊಳವೆ ಹಿಡಿದೆ. ಅರ್ಧ ಗಂಟೆಯಾದರೂ ಪೆಟ್ರೋಲ್ ನಿಂತಲ್ಲಿಂದ ಕದಲಲಿಲ್ಲ.

ಈಗ ಸ್ಕ್ರೂ ಪೂರ್ತಿ ಮುಚ್ಚಿದರೆ ಎಂಜಿನ್ ನಿಲ್ಲುತ್ತಿತ್ತು. ಆದರೂ ಐಡ್ಲಿಂಗ್ ಅತಿ ಚೆನ್ನಾಗಿ ಬಂದದ್ದು ಕೇವಲ ಅರ್ಧ ಸುತ್ತು ಬಿಚ್ಚಿದಾಗ. ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ಸುತ್ತಿನ ನಡುವೆ ಅದು ಸಿಗಬೇಕು. ಐಡ್ಲಿಂಗ್‌ಗೆ ಪೆಟ್ರೋಲನ್ನು ಅಳೆದು ಬಿಡುವ ಪೈಲಟ್ ಜೆಟ್ಟಿನ ಸಂಖ್ಯೆ ಸರಿಯಾಗಿತ್ತು, ಯಾರೂ ತಂತಿ ಹಾಕಿ ಅದರ ತೂತನ್ನು ದೊಡ್ಡದು ಮಾಡಿದ ಗುರುತೂ ಇರಲಿಲ್ಲ. ಹಾಗಾದರೆ ಪೈಲಟ್ ದಾರಿಗೆ ಗಾಳಿಯೇ ಕಡಿಮೆ ಸಿಗುತ್ತಿರಬೇಕು. ಕಾರ್ಬ್ಯುರೇಟರ್ ಬಾಯಿಯಲ್ಲಿ, ಫಿಲ್ಟರ್ ಕಡೆಗಿರುವ ಸಣ್ಣ ಗಾಳಿತೂತಿಗೆ ಕ್ಲೀನರ್ ಸಿಂಪಡಿಸಿದರೆ ಇನ್ನೊಂದು ಕಡೆ ತೊಟ್ಟಿಕ್ಕಿತೇ ಹೊರತು ಚಿಮ್ಮಲಿಲ್ಲ. ಫಿಲ್ಟರಿನ ಎಣ್ಣೆ ಮತ್ತು ಧೂಳು ಸೇರಿ ಒಳಗೆ ಅಂಟಿನಂತೆ ಕಟ್ಟಿಕೊಂಡಿತ್ತು. ಕಣ್ಣಿಗೆ ಕನ್ನಡಕ ಹಾಕಿಕೊಂಡು, ನೆನೆಸಿ, ಗಾಳಿ ಹೊಡೆದು ತೆರವು ಮಾಡಿದೆ; ತಂತಿಯನ್ನು ಮುಟ್ಟಲಿಲ್ಲ.

ಕೊನೆಯ ಹೊಂದಾಣಿಕೆಯನ್ನು 15 ನಿಮಿಷ ಗಾಡಿ ಓಡಿಸಿ ಬಂದು ಮಾಡಿದೆ. ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ ಪ್ರತಿ ಸಲವೂ 10 ಸೆಕೆಂಡ್ ಕಾದೆ, ಏಕೆಂದರೆ ಬದಲಾವಣೆಗೆ ಎಂಜಿನ್ ನಿಧಾನವಾಗಿ ಸ್ಪಂದಿಸುತ್ತದೆ. ಒಳಕ್ಕೆ ಹೋಗುವಾಗ ಆರ್‌ಪಿಎಂ ಇಳಿಯತೊಡಗುವ ಜಾಗ, ಹೊರಕ್ಕೆ ಬರುವಾಗ ಇಳಿಯತೊಡಗುವ ಜಾಗ, ಇವೆರಡನ್ನೂ ಗುರುತಿಸಿಕೊಂಡು ನಡುವೆ ನಿಲ್ಲಿಸಿದೆ: ಒಂದೂಮುಕ್ಕಾಲು ಸುತ್ತು. ಆಮೇಲೆ ಐಡ್ಲಿಂಗ್ ಸ್ಕ್ರೂವಿನಿಂದ ಆರ್‌ಪಿಎಂ ಅನ್ನು 1,300ಕ್ಕೆ ಇಳಿಸಿದೆ. ಸೈಲೆನ್ಸರ್ ಬಾಯಿಂದ ಒಂದು ಗೇಣು ದೂರದಲ್ಲಿ ಅಂಗೈ ಹಿಡಿದಾಗ ಬಡಿತಗಳು ಒಂದೂ ತಪ್ಪದೆ ಸಮನಾಗಿ ತಾಗಿದವು.

ಮರುದಿನ ಬೆಳಗ್ಗೆ ಕಿಕ್ ಹೊಡೆದರೆ ಎಂಜಿನ್ ಚಾಲೂ ಆಗಲಿಲ್ಲ. ಚೋಕ್ ಎಳೆದು ಮತ್ತೊಂದು ಕಿಕ್ ಹೊಡೆದ ಮೇಲೆಯೇ ಎದ್ದಿತು.