ಮಕ್ಕಳ ಕೈಗೆ ಆಟ ಕೊಡುವ ಮುನ್ನ ಬೇಕೆಂದೇ ಸೋತು ನೋಡಿ

ರಾಯಚೂರು, ಬಳ್ಳಾರಿ, ಕೊಪ್ಪಳದ ಏಪ್ರಿಲ್-ಮೇ ಬಿಸಿಲಿನಲ್ಲಿ ಮಧ್ಯಾಹ್ನ ಮಕ್ಕಳನ್ನು ಹೊರಗೆ ಬಿಡಲಾಗದು. ಮನೆಯಲ್ಲೇ ಉಳಿದ ಮಗು ಮೊಬೈಲು ಕೇಳುತ್ತದೆ. ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಜಿಗಿಯುತ್ತ ಸಾಗುವ ‘ಪ್ಲಾಟ್‌ಫಾರ್ಮ್’ ಆಟಗಳು ನೋಡಲು ಮುಗ್ಧವಾಗಿರುವುದರಿಂದ, ಬಂದೂಕಿನ ಆಟವನ್ನು ಬೇಡವೆನ್ನುವ ಹಿರಿಯರೂ ಇವುಗಳಲ್ಲಿ ಎಷ್ಟು ಹಿಂಸೆಯಿದೆ ಎಂದು ಪರೀಕ್ಷಿಸದೆ ಒಪ್ಪಿಬಿಡುತ್ತಾರೆ.

ಮೊದಲು ಪ್ಲೇ ಸ್ಟೋರ್‌ನಲ್ಲಿ ಆಟದ ಹೆಸರಿನ ಬಳಿ ಕಾಣುವ 3+, 7+, 12+, 16+, 18+ ಎಂಬ ಗುರುತನ್ನು ನೋಡಿ. ಆಟ ಎಷ್ಟು ಕಠಿಣ ಎಂಬುದನ್ನು ಅದು ಹೇಳುವುದಿಲ್ಲ, ಅದರಲ್ಲಿ ಏನು ಕಾಣುತ್ತದೆ ಎಂಬುದನ್ನಷ್ಟೇ ಹೇಳುತ್ತದೆ. ಅದೂ ತಯಾರಕರೇ ತುಂಬಿದ ಪ್ರಶ್ನಾವಳಿಯ ಆಧಾರದ ಮೇಲೆ. ಸಂಖ್ಯೆ ಮಗುವಿನ ವಯಸ್ಸಿಗಿಂತ ಹೆಚ್ಚಿದ್ದರೆ ಆ ಆಟವನ್ನು ಅಲ್ಲಿಗೇ ಬಿಡಿ. ಕಡಿಮೆಯಿದ್ದರೆ ನಿಮ್ಮ ಕೆಲಸ ಆರಂಭವಾಯಿತೆಂದು ತಿಳಿಯಿರಿ.

ಅರ್ಧ ಗಂಟೆ ನೀವೇ ಆಡಿ, ಬೇಕೆಂದೇ ಸೋಲಿರಿ. ಇಂಥ ಆಟದಲ್ಲಿ ಮಗು ಗೆಲ್ಲುವುದಕ್ಕಿಂತ ಸೋಲುವುದೇ ಹೆಚ್ಚಾದ್ದರಿಂದ, ಸೋತಾಗ ಕಾಣುವ ದೃಶ್ಯವನ್ನೇ ಅದು ನೂರಾರು ಬಾರಿ ನೋಡುತ್ತದೆ. 1985ರ ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ ತುಳಿದ ಶತ್ರು ಚಪ್ಪಟೆಯಾಗಿ ಮಾಯವಾಗುತ್ತದೆ, ರಕ್ತವಿಲ್ಲ. 2010ರ ಸೂಪರ್ ಮೀಟ್ ಬಾಯ್‌ನಲ್ಲಿ ಗರಗಸಕ್ಕೆ ಸಿಕ್ಕಿದ ನಾಯಕನ ರಕ್ತದ ಕಲೆ ಗೋಡೆಯ ಮೇಲೆ ಉಳಿಯುತ್ತದೆ. ಎರಡೂ ಜಿಗಿತದ ಆಟಗಳೇ.

ರಕ್ತ ಮಾತ್ರ ಅಳತೆಗೋಲಲ್ಲ. 2010ರಲ್ಲೇ ಬಂದ ಲಿಂಬೋ ಎಂಬ ಆಟ ಕಪ್ಪು-ಬಿಳುಪಿನದು. ಅದರಲ್ಲಿ ಒಬ್ಬಂಟಿ ಹುಡುಗ ಬೋನಿಗೆ ಸಿಕ್ಕು, ಮುಳ್ಳಿಗೆ ಬಿದ್ದು, ದೈತ್ಯ ಜೇಡನ ಕಾಲಿಗೆ ಚುಚ್ಚಿಸಿಕೊಂಡು ಮತ್ತೆ ಮತ್ತೆ ಸಾಯುತ್ತಾನೆ. ನಮ್ಮ ತೊಗಲುಗೊಂಬೆಯಾಟದಲ್ಲೂ ಪರದೆಯ ಮೇಲಿನ ನೆರಳುಗಳು ಕಾದಾಡುತ್ತವೆ, ರಾವಣ ಬೀಳುತ್ತಾನೆ. (ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಈ ಕಲೆಗಾಗಿಯೇ 2025ರಲ್ಲಿ ಪದ್ಮಶ್ರೀ ಸಂದಿತು.) ಆದರೆ ಅಲ್ಲಿ ಮಗು ಹಿರಿಯರ ಮಗ್ಗುಲಲ್ಲಿ ಕುಳಿತಿರುತ್ತದೆ, ಯಾರು ಯಾಕೆ ಬಿದ್ದರೆಂದು ಕಥೆ ಹೇಳುವವರಿರುತ್ತಾರೆ, ಕೊಲ್ಲುವ ಕೈ ಮಗುವಿನದಾಗಿರುವುದಿಲ್ಲ. ಲಿಂಬೋ ಆಡುತ್ತಿದ್ದ ನನ್ನ ಅಣ್ಣನ ಎಂಟು ವರ್ಷದ ಮಗ ಒಂದು ರಾತ್ರಿ, “ಕಾಕಾ, ಆ ಹುಡುಗನ್ನ ನಾನ ಸಾಯಿಸಿದ್ನೇನು?” ಎಂದು ಕೇಳಿದ. ಅಂದಿನಿಂದ ಪ್ರತಿ ಆಟದಲ್ಲೂ ನಾನು ಗಮನಿಸುವುದು ಇಷ್ಟು: ಸಾಯುವುದು ಮನುಷ್ಯರೋ, ಬೊಂಬೆಯಂಥ ಆಕೃತಿಗಳೋ, ಸಾಯುವಾಗ ನರಳುವ ಸದ್ದಿದೆಯೋ, ಕೊಂದಷ್ಟೂ ಅಂಕ ಹೆಚ್ಚುತ್ತದೆಯೋ, ಅಥವಾ ಶತ್ರುವನ್ನು ಹಾರಿ ದಾಟಿಯೂ ಗೆಲ್ಲಬಹುದೋ. ಹಾರಿ ದಾಟಲು ದಾರಿ ಬಿಟ್ಟಿರುವ ಆಟವನ್ನೇ ನಾನು ಆರಿಸುತ್ತೇನೆ.

ಮೊದಲ ಹಂತಗಳು ಸೌಮ್ಯವಾಗಿದ್ದು ಕೊನೆಯವು ಕ್ರೂರವಾಗಿರಬಹುದು; ಆದ್ದರಿಂದ ಯೂಟ್ಯೂಬಿನಲ್ಲಿ ಅದೇ ಆಟದ ಕೊನೆಯ ಹಂತದ ವಿಡಿಯೋ ನೋಡಿ. ಉಚಿತ ಆಟಗಳಲ್ಲಿ ನಡುವೆ ಬರುವ ಜಾಹೀರಾತುಗಳನ್ನೂ ಗಮನಿಸಿ.

ಕೊನೆಯದಾಗಿ, ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ಪೋಷಕರ ನಿಯಂತ್ರಣವನ್ನು ತೆರೆದು, ವಯಸ್ಸಿನ ಮಿತಿ ಇಟ್ಟು, ಮಗುವಿಗೆ ತಿಳಿಯದ ಪಿನ್ ಹಾಕಿ. ಈಗಾಗಲೇ ಮೊಬೈಲಿನಲ್ಲಿರುವ ಆಟಗಳನ್ನು ಆ ಬೀಗ ತೆಗೆದುಹಾಕುವುದಿಲ್ಲ. ಗೆಳೆಯರ ಮೊಬೈಲಿನಿಂದ ನೇರವಾಗಿ ಬಂದ ಆಟವನ್ನೂ ತಡೆಯುವುದಿಲ್ಲ. ಅವನ್ನು ಮಗುವಿನ ಜೊತೆಯಲ್ಲೇ ಕುಳಿತು, ಒಂದೊಂದಾಗಿ ತೆರೆದು ನೋಡಬೇಕು.